ಹೊಗೆ ಮೇಡಂಗೆ ಹೇಳಬೇಕಾದ ಮಾತು

"ನನ್ನ ನೂರಾ ತೊಂಬತ್ತೊಂಬತ್ತು ಫೈಲ್ ಎಲ್ಲಿ?"

ನೆಲಮಾಳಿಗೆಯ ಬಾಗಿಲು ತಳ್ಳಿದವಳೇ ಅವಳು ಕೇಳಿದ ಮೊದಲ ಮಾತು ಇದು. ನಮಸ್ಕಾರವಿಲ್ಲ, ಪರಿಚಯವಿಲ್ಲ. ಒಳಗೆ ಸ್ವೆಟರ್ ತೊಟ್ಟು ಕೂತಿದ್ದವನು ಕಿವಿಗೆ ಕೈ ಅಡ್ಡ ಹಿಡಿದ. ಎಂಬತ್ತು ಕಂಪ್ಯೂಟರುಗಳೂ ಅವನ್ನು ತಣ್ಣಗಿಡುವ ಏಸಿಗಳೂ ಒಟ್ಟಿಗೆ ಭೋರ್ಗರೆಯುವ ಆ ಕೋಣೆಯಲ್ಲಿ ಸಾಧಾರಣ ಸಿಟ್ಟು ಯಾರಿಗೂ ಕೇಳಿಸುವುದಿಲ್ಲ.

"ಏನಂದ್ರಿ?"

"ಫೈಲ್! ಇನ್ನೂರು ಲೆಕ್ಕ ಓಡಿಸೋಕೆ ಕೊಟ್ಟಿದ್ದೆ. ಒಂದೇ ಒಂದು ಉತ್ತರ ಬಂದಿದೆ. ಉಳಿದಿದ್ದನ್ನೆಲ್ಲ ನಿಮ್ಮ ಮೆಷಿನ್ ನುಂಗ್ಬಿಡ್ತಾ?"

ಅವನು ನಗಲಿಲ್ಲ. ಆದರೆ ನಗು ಬಂದು ತುಟಿಯಂಚಿನಲ್ಲಿ ನಿಂತಿದ್ದು ಅವಳಿಗೆ ಕಂಡಿತು. ಸಿಟ್ಟು ಇನ್ನೊಂದು ಮೆಟ್ಟಿಲು ಏರಿತು.

ಆ ಸಂಶೋಧನಾಲಯದ ನಾಲ್ಕನೇ ಮಹಡಿಯಲ್ಲಿ ಅವಳ ಕೆಲಸ. ಬೆಟ್ಟ ಕೊರೆದು ಹೊಸದಾಗಿ ಮಾಡಿದ ರಸ್ತೆ ಸುರಂಗದಲ್ಲಿ ವಾಹನಕ್ಕೆ ಬೆಂಕಿ ಬಿದ್ದರೆ ಹೊಗೆ ಎಷ್ಟು ಹೊತ್ತಿಗೆ ಎಲ್ಲಿಗೆ ಹರಡುತ್ತದೆ, ಒಳಗೆ ಸಿಕ್ಕಿಕೊಂಡವರು ನಡೆದು ಹೊರಗೆ ಬರಬಲ್ಲರೇ ಎಂದು ಲೆಕ್ಕ ಹಾಕುವುದು. ಅದಕ್ಕೇ ಎಲ್ಲರ ಬಾಯಲ್ಲಿ ಅವಳು 'ಹೊಗೆ ಮೇಡಂ'. ಕೆಳಗಿನ ಕಂಪ್ಯೂಟರುಗಳ ಗುಂಪನ್ನು, ಅಂದರೆ ಕ್ಲಸ್ಟರನ್ನು, ನೋಡಿಕೊಳ್ಳುವವನು ಇವನು. ಕಿಟಕಿಯೇ ಇಲ್ಲದ ಜಾಗದಲ್ಲಿ ಎಂಟು ವರ್ಷದಿಂದ ಕೂತವನಿಗೆ ಮೇಲಿನವರು ಇಟ್ಟ ಹೆಸರು 'ಪಾತಾಳ'.

ಪಾತಾಳದವನು ಕುರ್ಚಿ ಎಳೆದು ಕೊಟ್ಟ.

"ನಿಮ್ಮ ಇನ್ನೂರು ಟಾಸ್ಕೂ ಉತ್ತರ ಬರೆದಿವೆ ಮೇಡಂ. ಎಲ್ಲಾ ಒಂದೇ ಫೈಲಲ್ಲಿ. ಹಿಂದಿನದು ಬರೆದಿದ್ದನ್ನ ಮುಂದಿನದು ಅಳಿಸಿ ಬರೆದಿದೆ."

"ಹಾಗಾದ್ರೆ ಒಂದೊಂದಕ್ಕೂ ಬೇರೆ ಫೈಲ್ ಮಾಡೋದು ಹೇಗೆ?"

"ಯಾವ ಟಾಸ್ಕ್ ಯಾವ ಕಂಪ್ಯೂಟರಲ್ಲಿ ಓಡಬೇಕು ಅಂತ ಹಂಚೋದು ಶೆಡ್ಯೂಲರ್. ಟಾಸ್ಕ್ ಶುರುವಾಗೋ ಹೊತ್ತಿಗೆ ಅದು ಒಂದು ಚೀಟಿ ಕೊಟ್ಟ ಹಾಗೆ ಕೆಲವು ವಿಷಯ ತಿಳಿಸುತ್ತೆ. ನೀನು ನೂರಾ ನಲವತ್ತೆರಡನೆಯವನು, ಒಟ್ಟು ಇನ್ನೂರು ಜನ ಇದ್ದೀರಿ, ನೀನಿರೋದು ಹದಿನೇಳನೇ ಕಂಪ್ಯೂಟರಲ್ಲಿ ಅಂತ. ಎನ್ವಿರಾನ್ಮೆಂಟ್ ವೇರಿಯಬಲ್ ಅಂದ್ರೆ ಅಷ್ಟೇ. ಆ ನಂಬರ್ ಓದಿ ಫೈಲ್ ಹೆಸರಿಗೆ ಅಂಟಿಸಿದ್ರೆ ಮುಗೀತು. ನಿಮ್ಮ ಪ್ರೋಗ್ರಾಂ ಅದನ್ನ ಓದೇ ಇಲ್ಲ."

"ಓದಬೇಕು ಅಂತ ನನಗೆ ಯಾರು ಹೇಳಿದ್ರು?"

"ನಾನೇ. ಇಪ್ಪತ್ತೊಂದು ಪುಟದ ಮೇಲ್ ಕಳಿಸಿದ್ದೆ."

"ಅದನ್ನ ಯಾರಾದ್ರೂ ಓದಿದ್ದಾರಾ?"

ಅವನು ಸ್ವಲ್ಪ ಯೋಚಿಸಿದ. "ನಿಮ್ಮನ್ನೂ ಸೇರಿಸಿದ್ರೆ... ಯಾರೂ ಇಲ್ಲ."

ಅವಳು ನಕ್ಕುಬಿಟ್ಟಳು. ನಗುವಿನ ನಡುವೆ ಕೀಬೋರ್ಡಿಗೆ ಕೈ ಚಾಚಿದಾಗ ಬೆರಳಿನ ಉಂಗುರ ಮೇಜಿಗೆ ತಾಗಿತು. ಅವನ ಕಣ್ಣು ಒಂದು ಕ್ಷಣ ಅಲ್ಲಿಗೆ ಹೋಗಿ, ಮತ್ತೆ ಪರದೆಗೆ ಮರಳಿತು.

ನಿಶ್ಚಿತಾರ್ಥದ ಆ ಉಂಗುರಕ್ಕೆ ಆಗ ಎರಡು ತಿಂಗಳಾಗಿತ್ತು.

ತಂದೆ ತಾಯಿ ಇಬ್ಬರೂ ಹೋದಾಗ ಅವಳಿಗೆ ಒಂಬತ್ತು ವರ್ಷ. ಅಣ್ಣನನ್ನು ಮದುವೆಯಾಗಿ ಬಂದ ಅತ್ತಿಗೆಗೆ ಇಪ್ಪತ್ತೆರಡು. ಹೊಸ ಮದುಮಗಳು ಗಂಡನ ಜೊತೆ ಎಲ್ಲೂ ತಿರುಗಾಡಲಿಲ್ಲ. ನಾದಿನಿಗೆ ಜಡೆ ಹಾಕಿದಳು, ಮಗ್ಗಿ ಬಾಯಿಪಾಠ ಮಾಡಿಸಿದಳು, ಜ್ವರ ಬಂದಾಗ ಪಕ್ಕದಲ್ಲೇ ಮಲಗಿದಳು. ಈಗ ಅದೇ ಅತ್ತಿಗೆ ತನ್ನ ಸ್ವಂತ ತಮ್ಮನನ್ನು ತೋರಿಸಿ, "ನೀನು ನಮ್ಮನೆ ಬಿಟ್ಟು ದೂರ ಹೋಗೋದೇ ಬೇಡ ಕಣೇ" ಎಂದು ಕಣ್ಣು ತುಂಬಿಕೊಂಡಾಗ ಬೇಡ ಎನ್ನಲು ಬಾಯಿ ಬರಲಿಲ್ಲ. ಹುಡುಗ ಒಂದು ಹುಳುಕೂ ಸಿಗದಷ್ಟು ಒಳ್ಳೆಯವನು. ಒಂದು ಹುಳುಕಾದರೂ ಇದ್ದಿದ್ದರೆ ಎಂದು ಅವಳು ಎಷ್ಟೋ ಸಲ ಹುಡುಕಿ ಸೋತಿದ್ದಳು. ಮನೆಯಲ್ಲಿ ದಿನವೂ ಅದೇ ಮಾತು, ಅದೇ ಸಂಭ್ರಮ. ಎಲ್ಲರೂ ನಗುತ್ತಿದ್ದ ಆ ಮನೆಯಲ್ಲಿ ಅವಳಿಗೆ ಉಸಿರು ಸಾಲದಾಗುತ್ತಿತ್ತು.

ನೆಲಮಾಳಿಗೆಗೆ ಹೋಗಲು ನೆಪಗಳು ತಾವಾಗಿ ಹುಟ್ಟಿಕೊಂಡವು. ಟಾಸ್ಕ್ ನಿಂತಿದೆ, ಪಾಸ್‌ವರ್ಡ್ ಮರೆತಿದೆ, ಇಪ್ಪತ್ತೊಂದು ಪುಟದಲ್ಲಿ ಒಂಬತ್ತನೆಯದು ಅರ್ಥವಾಗಿಲ್ಲ. ಗದ್ದಲದಲ್ಲಿ ಮಾತು ಕೇಳಿಸದ ಕಾರಣ ಇಬ್ಬರೂ ಹೊರಗಿನ ಮೆಟ್ಟಿಲ ಮೇಲೆ ಕಾಫಿ ಹಿಡಿದು ಕೂರುತ್ತಿದ್ದರು.

"ನೀವು ಮೇಲಕ್ಕೆ ಬರೋದೇ ಇಲ್ವಾ?"

"ಕರೆದ್ರೆ ಬರ್ತೀನಿ. ಮೆಷಿನ್ ಕೆಟ್ಟಾಗ ಮಾತ್ರ ಕರೀತಾರೆ. ಕೆಟ್ಟಾಗ ನಾನು ಕೆಳಗೇ ಇರಬೇಕು."

"ಹಾಗಾದ್ರೆ ನಿಮಗೆ ಬಿಡುಗಡೆಯೇ ಇಲ್ಲ."

"ನಿಮಗಿದೆಯಾ?" ಎಂದು ಅವನು ಸುಮ್ಮನೆ ಕೇಳಿದ. ಅವಳು ಬೆರಳಿನ ಉಂಗುರ ತಿರುಗಿಸುತ್ತಾ ಮತ್ತೆ ಒಂಬತ್ತನೇ ಪುಟದ ಮಾತು ತೆಗೆದಳು. ಅವನು ಮತ್ತೆ ಕೇಳಲಿಲ್ಲ. ಹಾಗೆ ಕೇಳದೇ ಬಿಟ್ಟಿದ್ದಕ್ಕೇ ಅವನ ಮೇಲೆ ಅವಳಿಗೆ ಪ್ರೀತಿ ಹುಟ್ಟಿತೆಂದು ಕಾಣುತ್ತದೆ.

ಮದುವೆಗೆ ಮೂರು ವಾರವಿತ್ತು. ಆ ಶುಕ್ರವಾರ ಬೆಳಿಗ್ಗೆ ಹನ್ನೊಂದಕ್ಕೆ ಸುರಂಗದ ಅಧಿಕಾರಿಗಳಿಗೆ ಅವಳು ವರದಿ ಒಪ್ಪಿಸಬೇಕಿತ್ತು. ಇನ್ನೂರು ಲೆಕ್ಕಗಳೂ ಒಂದೇ ಮಾತು ಹೇಳಿದ್ದವು: ಸುರಂಗ ಸುರಕ್ಷಿತ. ಹತ್ತೂವರೆಗೆ ನಾಲ್ಕನೇ ಮಹಡಿಯ ಕಾರಿಡಾರಿನಲ್ಲಿ ಪಾತಾಳದವನು ಏದುಸಿರು ಬಿಡುತ್ತಾ ನಿಂತಿದ್ದ.

"ನಿಮ್ಮ ಲೆಕ್ಕದಲ್ಲಿ ಅರ್ಧದಷ್ಟು ಟಾಸ್ಕಿಗೆ ಸುರಂಗದಿಂದ ಹೊಗೆ ಹೊರಗೆಳೆಯೋ ಫ್ಯಾನ್ ಕೆಟ್ಟಿರಬೇಕಿತ್ತು ಅಲ್ವಾ?"

"ಹೌದು, ನೂರಕ್ಕೆ."

"ಒಂದಕ್ಕೂ ಕೆಟ್ಟಿಲ್ಲ."

ಅವಳಿಗೆ ತಕ್ಷಣ ಅರ್ಥವಾಗಲಿಲ್ಲ. ಅವನು ಉಸಿರು ಎಳೆದುಕೊಂಡು ಹೇಳಿದ. "ಮೂರು ತಿಂಗಳ ಹಿಂದೆ ಯಾವುದೋ ಟ್ರಯಲ್‌ಗೆ 'ಫ್ಯಾನ್ ಎಲ್ಲಾ ಆನ್' ಅಂತ ಆ ಚೀಟಿಯಂಥದ್ದೇ ಒಂದು ವೇರಿಯಬಲ್ ಬರೆದಿದ್ರಿ, ನೀವು ಲಾಗಿನ್ ಆದಾಗೆಲ್ಲ ಮೆಷಿನ್ ಓದೋ ಫೈಲಲ್ಲಿ. ತೆಗೆದಿಲ್ಲ. ನೀವು ಟಾಸ್ಕ್ ಕಳಿಸೋವಾಗ ನಿಮ್ಮ ಹತ್ರ ಇರೋ ವೇರಿಯಬಲ್ಲುಗಳನ್ನೆಲ್ಲ ಶೆಡ್ಯೂಲರ್ ಅವುಗಳ ಜೊತೇಲೇ ಕಳಿಸಿಬಿಡುತ್ತೆ. ಇನ್ನೂರಕ್ಕೂ ಅದು ಹೋಗಿದೆ. ನೂರಕ್ಕೆ ಫ್ಯಾನ್ ಆಫ್ ಅಂತ ನಿಮ್ಮ ಪಟ್ಟೀಲಿ ಬರೆದಿದ್ರೂ, ಪ್ರೋಗ್ರಾಂ ಮೊದಲು ಅದನ್ನೇ ನಂಬಿದೆ."

"ನಿಮಗೆ ಹೇಗೆ ಗೊತ್ತಾಯ್ತು?"

"ಫ್ಯಾನ್ ಇಲ್ಲದಿರೋ ಲೆಕ್ಕ ಎರಡು ಪಟ್ಟು ಹೊತ್ತು ಹಿಡಿಯುತ್ತೆ ಅಂತ ನೀವೇ ಹೇಳಿದ್ರಿ. ಇವತ್ತು ಸಮಯದ ಪಟ್ಟಿ ನೋಡಿದೆ. ಇನ್ನೂರೂ ಒಂದೇ ಹೊತ್ತು ತಗೊಂಡಿವೆ."

"ಇನ್ನರ್ಧ ಗಂಟೆ ಇದೆ. ಈಗ ಬಂದು ಹೇಳ್ತೀರಾ?" ಅವಳು ವರದಿಯನ್ನು ಎದೆಗೊತ್ತಿಕೊಂಡಳು. "ಎಲ್ಲರ ಮುಂದೆ ನನ್ನ ಮಾನ ಹೋಗುತ್ತೆ."

"ಹೋಗುತ್ತೆ," ಎಂದ ಅವನು ಮೆಲ್ಲಗೆ. "ಆದ್ರೆ ಆ ಸುರಂಗದೊಳಗೆ ಜನ ಹೋಗ್ತಾರೆ."

ಹನ್ನೊಂದಕ್ಕೆ ಅವಳು ಮೇಜಿನ ಮುಂದೆ ನಿಂತಳು. "ಈ ವರದಿ ತಪ್ಪು. ತಪ್ಪು ನನ್ನದು. ನಾಲ್ಕು ದಿನ ಕೊಡಿ." ಮುಖ್ಯಸ್ಥರ ಮುಖ ಬಿಗಿಯಿತು. ಒಬ್ಬ ಅಧಿಕಾರಿ ಪೆನ್ನು ಮುಚ್ಚಿ ಜೇಬಿಗಿಟ್ಟ. ಬೈಗುಳ ಮುಗಿಯುವವರೆಗೂ ಅವಳು ನಿಂತೇ ಇದ್ದಳು. ಎಷ್ಟೋ ತಿಂಗಳ ನಂತರ ಎದೆ ತುಂಬ ಉಸಿರು ಬಂದದ್ದು ಆಗಲೇ ಎಂದು ಅವಳಿಗೇ ಆಶ್ಚರ್ಯವಾಯಿತು.

ನಾಲ್ಕನೇ ದಿನ ಹೊಸ ಉತ್ತರ ಬಂತು. ಫ್ಯಾನ್ ಕೆಟ್ಟರೆ ಹೊಗೆ ನಾಲ್ಕೇ ನಿಮಿಷಕ್ಕೆ ತಲೆಯ ಮಟ್ಟಕ್ಕೆ ಇಳಿಯುತ್ತಿತ್ತು. ಹತ್ತಿರದ ಬಾಗಿಲು ಆರು ನಿಮಿಷದ ದಾರಿ. ಇನ್ನೆರಡು ಬಾಗಿಲು ಕೊರೆಯದೆ ಸುರಂಗ ತೆರೆಯಬಾರದೆಂದು ತೀರ್ಮಾನವಾಯಿತು.

ಆ ಮಧ್ಯಾಹ್ನ ಅವಳು ಮೆಟ್ಟಿಲ ಮೇಲೆ ಕೂತಳು. ಅವನು ಎರಡು ಮೆಟ್ಟಿಲು ಕೆಳಗೆ.

"ನನಗೆ ಹೇಳೋದು ಇನ್ನೇನಾದ್ರೂ ಉಳಿದಿದೆಯಾ?" ಎಂದು ಕೇಳಿದಳು.

"ಇದೆ. ಹೇಳಲ್ಲ."

"ಯಾಕೆ?"

"ನಿಮ್ಮನೇಲಿ ಮದುವೆ ಕಾರ್ಡ್ ಪ್ರಿಂಟ್ ಆಗಿದೆ." ಅವನು ತಲೆಯೆತ್ತಲಿಲ್ಲ. "ಲೆಕ್ಕದ ತಪ್ಪು ಹೇಳೋಕೆ ನನಗೆ ಹಕ್ಕಿತ್ತು. ಇದಕ್ಕಿಲ್ಲ."

ಅವನ ಕಿವಿ ಕೆಂಪಾಗಿದ್ದನ್ನು ಅವಳು ಮೇಲಿನಿಂದ ನೋಡುತ್ತಾ ಕೂತಳು. ಕೈ ಚಾಚಿದರೆ ಮುಟ್ಟಬಹುದಾದಷ್ಟು ಹತ್ತಿರ. ಚಾಚಲಿಲ್ಲ.

ಭಾನುವಾರ ಬೆಳಿಗ್ಗೆ ಅತ್ತಿಗೆ ಊಟದ ಮೇಜಿನ ಮೇಲೆ ಕಾರ್ಡ್ ಹರಡಿಕೊಂಡು ಹೆಸರು ಬರೆಯುತ್ತಿದ್ದಳು.

"ಅತ್ತಿಗೆ, ನನಗೆ ಈ ಮದುವೆ ಬೇಡ."

ಪೆನ್ನು ನಿಂತಿತು. "ನನ್ನ ತಮ್ಮನಲ್ಲಿ ಏನು ಕೊರತೆ?"

"ಏನೂ ಇಲ್ಲ. ಅದಕ್ಕೇ ಇಷ್ಟು ದಿನ ಬಾಯಿ ಬರ್ಲಿಲ್ಲ."

"ಹೂಂ ಅಂದಿದ್ದೆಯಲ್ಲೇ!"

"ನಿಮಗೆ ಹೂಂ ಅಂದೆ ಅತ್ತಿಗೆ. ಅವರಿಗಲ್ಲ."

ಅಣ್ಣ ಪೇಪರ್ ಇಳಿಸಿ ಇಬ್ಬರ ಮುಖ ನೋಡಿ, ಮತ್ತೆ ಪೇಪರ್ ಏರಿಸಿಕೊಂಡ. ಅತ್ತಿಗೆ ಅರ್ಧ ಬರೆದ ಕಾರ್ಡನ್ನು ಪಕ್ಕಕ್ಕಿಟ್ಟಳು. "ಯಾರಾದ್ರೂ ಇದ್ದಾರಾ?"

"ಇದ್ದಾರೆ. ಅವರಿಗಿನ್ನೂ ನಾನು ಏನೂ ಹೇಳಿಲ್ಲ. ಅವರಿಲ್ಲದಿದ್ರೂ ನನ್ನ ಉತ್ತರ ಇದೇ."

ಅತ್ತಿಗೆ ಕಾರ್ಡುಗಳನ್ನು ಜೋಡಿಸಿ ಎತ್ತಿಕೊಂಡು ಕೋಣೆಗೆ ಹೋದಳು. ಅಂದಿನಿಂದ ಮಾತು ನಿಂತಿತು. ತಟ್ಟೆ ಮುಚ್ಚಿಟ್ಟಿರುತ್ತಿತ್ತು, ಬಟ್ಟೆ ಮಡಿಸಿಟ್ಟಿರುತ್ತಿತ್ತು, ಮಾತು ಮಾತ್ರ ಇಲ್ಲ.

ಉಂಗುರವನ್ನು ಅವಳೇ ಹೋಗಿ ಹಿಂದಿರುಗಿಸಿದಳು. ಅತ್ತಿಗೆಯ ತಮ್ಮ ಅದನ್ನು ಅಂಗೈಯಲ್ಲಿ ಹಿಡಿದು ನಿಂತ. "ನಾನೂ ಅಕ್ಕನಿಗೋಸ್ಕರ ಒಪ್ಪಿದ್ದೆ ಅಂದ್ರೆ ನಿಮಗೆ ಸಮಾಧಾನ ಆಗುತ್ತೆ. ಆದ್ರೆ ಅದು ಸುಳ್ಳು. ನನಗೆ ನೀವು ಇಷ್ಟ ಆಗಿದ್ರಿ." ಬಸ್ಸಿನಲ್ಲಿ ಮನೆಗೆ ಬರುವ ದಾರಿಯುದ್ದಕ್ಕೂ ಅವಳು ಅತ್ತಳು.

ಅತ್ತಿಗೆ ಮಾತು ಬಿಟ್ಟ ಹನ್ನೆರಡನೇ ದಿನ ಅವಳು ನೆಲಮಾಳಿಗೆಗೆ ಇಳಿದಳು. ಅವನು ಅವಳ ಬರಿಬೆರಳು ನೋಡಿದ. ಎದ್ದು ನಿಂತ. ಮತ್ತೆ ಕೂತ.

"ಬೇಡ ಅಂದೆ," ಎಂದಳು ಅವನ ಕಿವಿಯ ಹತ್ತಿರ ಬಾಗಿ. "ನಿಮಗೋಸ್ಕರ ಅಲ್ಲ, ಹೆಮ್ಮೆ ಪಡಬೇಡಿ. ನನಗೋಸ್ಕರ. ಈಗ ಆ ಉಳಿದ ಮಾತು ಹೇಳ್ತೀರೋ, ಇಲ್ಲಾ ಅದನ್ನೂ ಇಪ್ಪತ್ತೊಂದು ಪುಟದ ಮೇಲ್ ಮಾಡ್ತೀರೋ?"

"ಮೇಲ್ ಮಾಡಿದ್ರೆ ನೀವು ಓದಲ್ಲ," ಎಂದ. ಆಮೇಲೆ ಎಂಟು ವರ್ಷದಲ್ಲಿ ಆ ಕೋಣೆಯಲ್ಲಿ ಯಾರ ಮೇಲೂ ಎತ್ತದ ಧ್ವನಿಯನ್ನು ಎತ್ತಿ, "ನೀವಂದ್ರೆ ನನಗೆ ಪ್ರಾಣ!" ಎಂದ. ಹೇಳಿ ತಾನೇ ಬೆಚ್ಚಿದ. ಅವಳು ಅವನ ಸ್ವೆಟರಿನ ತೋಳು ಹಿಡಿದುಕೊಂಡಳು. ಬಿಡಲಿಲ್ಲ.

ಹಾಗೇ ಹಿಡಿದು ಹೊರಗಿನ ಮೆಟ್ಟಿಲಿಗೆ ಬಂದಾಗ ಅವಳ ಫೋನ್ ಅದುರಿತು. ಅತ್ತಿಗೆ.

"ಊಟಕ್ಕೆ ಎಷ್ಟು ಹೊತ್ತಿಗೆ ಬರ್ತೀಯಾ?"

ಅವಳು ಫೋನನ್ನು ಕಿವಿಗೆ ಇನ್ನೂ ಒತ್ತಿ ಹಿಡಿದಳು.

"ಕೇಳಿಸ್ತಾ? ಭಾನುವಾರ ಆ ಮನುಷ್ಯನನ್ನೂ ಕರ್ಕೊಂಡ್ ಬಾ. ನನ್ನ ತಮ್ಮನಿಗಿಂತ ಅವನೇನು ಹೆಚ್ಚು ಅಂತ ನಾನೂ ನೋಡ್ತೀನಿ. ನಗುನಗುತ್ತಾ ಮಾತಾಡಿಸ್ತೀನಿ ಅಂತ ಮಾತ್ರ ಅಂದ್ಕೋಬೇಡ."