ಕಂಬಿಗೆ ಸುತ್ತಿದ ಸೀರೆ

"ನಾಳಿದ್ದು ನಮ್ಮೆಜಮಾನ್ರು ಅತ್ತೇನ ವಿಜಯವಾಡದ ವೃದ್ಧಾಶ್ರಮಕ್ಕೆ ಬಿಟ್ಟುಬರ್ತಾರಂತೆ, ಮೇಡಂಗಾರು! ಅತ್ತೆ ಮೆಟ್ಟಿಲಿಂದ ಬಿದ್ದಿದ್ದೂ ನನ್ನಿಂದಲೇ ಅಂತಾರೆ ಅಂಡಿ," ಎಂದು ಸಾಲ ಕೇಳಲು ಬಂದಿದ್ದ ಹಾರಿಕಾ ನಮ್ಮ ಬ್ಯಾಂಕಿನಲ್ಲೇ ಅತ್ತುಬಿಟ್ಟಳು.

ಮೈಸೂರಿನಿಂದ ವಿಶಾಖಪಟ್ಟಣಕ್ಕೆ ವರ್ಗವಾಗಿ ಬಂದ ನಮ್ಮ ಮ್ಯಾನೇಜರ್ ಜಾಹ್ನವಿ ಮೇಡಂ ಸಾಲದ ಅರ್ಜಿಗಿಂತ ಮನುಷ್ಯರ ಮುಖವನ್ನು ಚೆನ್ನಾಗಿ ಓದುತ್ತಾರೆ. ಅವರ ಇಂಥ ಸಾಹಸಗಳಿಗೆಲ್ಲ ಬೈಕ್ ಓಡಿಸುವವನು ಗುಮಾಸ್ತ ಧನಂಜಯ, ಅಂದರೆ ನಾನು. ಭಾನುವಾರ ಬೆಳಿಗ್ಗೆಯೇ ಭೀಮುನಿಪಟ್ಟಣದ ಹಾರಿಕಾಳ ಮನೆಗೆ ಹೊರಟೆವು.

ಮೆಟ್ಟಿಲೋ, ಏಣಿಯೋ! ಒಬ್ಬರು ಇಳಿದರೆ ಇನ್ನೊಬ್ಬರಿಗೆ ಜಾಗವಿಲ್ಲ. ಆದರೂ ಹಾರಿಕಾ ಏನೂ ಕಡಿಮೆ ಮಾಡಿರಲಿಲ್ಲ. ಅಂಚುಗಳಿಗೆ ಒರಟು ಪಟ್ಟಿ ಅಂಟಿಸಿದ್ದಳು, ತಿರುವಿನಲ್ಲಿ ದೀಪ ಹಾಕಿಸಿದ್ದಳು, ಗೋಡೆಗೆ ಉಕ್ಕಿನ ಕಂಬಿ ಕೂರಿಸಿ, ಕೈ ಜಾರದಂತೆ ಅದಕ್ಕೆ ತೆಂಗಿನ ನಾರಿನ ಹಗ್ಗ ಬಿಗಿದಿದ್ದಳು. ಮೇಡಂ ಜೋತುಬಿದ್ದರೂ ಕಂಬಿ ಅಲ್ಲಾಡಲಿಲ್ಲ. ಆದರೆ ಹಗ್ಗದ ಮೇಲೆ ಯಾರೋ ಹಳೆಯ ನೂಲಿನ ಸೀರೆಯೊಂದನ್ನು ನೀಟಾಗಿ ಸುತ್ತಿದ್ದರು.

"ಸೀರೆ ನಂದೇ. ಸುತ್ತಿದ್ದು ನಾನಲ್ಲ ಅಂಡಿ."

"ಇನ್ಯಾರು, ದೆವ್ವ ಸುತ್ತಿತಾ?" ಅವಳ ಗಂಡ ಫಣಿ ನಕ್ಕ. "ಏನು ಸುತ್ತಿದ್ರೇನು ಮೇಡಂ, ಅಮ್ಮಂಗೆ ಹಿಡ್ಕೊಳ್ಳೋದೇ ಮರೆತುಹೋಗತ್ತೆ. ತುಳಸಿಗೆ ನೀರು ಹಾಕೋಕೆ ಇಳಿದಳು, ಬಿದ್ದಳು. ವಯಸ್ಸು ಕಣಂಡಿ."

ಮೇಲಿನ ಕೋಣೆಯಲ್ಲಿ ಅವನ ತಾಯಿ ದುರ್ಗಾಂಬ ಮುರಿದ ಮಣಿಕಟ್ಟಿಗೆ ಪಟ್ಟಿ ಹಾಕಿಸಿಕೊಂಡು ಜಪಕ್ಕೆ ಕೂತಿದ್ದರು. ಕಿಟಕಿಯ ತುಂಬ ಸಮುದ್ರ. ಗಾಳಿ ಜೋರಾಗಿದೆಯೆಂದು ಹಾರಿಕಾ ಅವರಿಗೊಂದು ಶಾಲು ಹೊದಿಸಲು ಹೋದಳು.

"ಏಯ್, ನೂಲಿಂದು ಬೇಡ! ಅಮ್ಮ ಮಡೀಲಿದಾಳೆ. ಆ ಉಣ್ಣೇದು ಕೊಡು," ಎಂದು ಫಣಿ ಅದನ್ನು ಕಿತ್ತುಕೊಂಡ. ಅಷ್ಟರಲ್ಲಿ ಅವನ ಫೋನು ಬಡಿದುಕೊಂಡಿತು. "ಸೀ ವ್ಯೂ ರೂಮಾ? ಮುಂದಿನ ವಾರ ಖಾಲಿ ಆಗತ್ತೆ ಅಂಡಿ," ಎನ್ನುತ್ತ ಕೆಳಗಿಳಿದ.

ಊಟವಾದ ಮೇಲೆ ಮೇಡಂ ಎಲ್ಲರನ್ನೂ ಅದೇ ಕೋಣೆಯಲ್ಲಿ ಕೂರಿಸಿದರು.

"ಹಾರಿಕಾ, ನೂಲಿಗೂ ಉಣ್ಣೆಗೂ ಏನಮ್ಮ ವ್ಯತ್ಯಾಸ?"

"ಚಳಿಗೆ ಉಣ್ಣೆ ಒಳ್ಳೇದು ಅಂಡಿ."

ಮೇಡಂ ನಕ್ಕರು. "ಮಡಿ ಇಲ್ಲದ ಮನೇಲಿ ಬೆಳೆದ ಈ ಹುಡುಗಿಗೆ ಗೊತ್ತಿರೋದು ಅಷ್ಟೇ. ಮಡಿಯಲ್ಲಿರೋರು ಕಬ್ಬಿಣ ಮುಟ್ಟಬಹುದು, ನಾರು ಮುಟ್ಟಬಹುದು, ಉಣ್ಣೆ ಹೊದೀಬಹುದು. ಇನ್ನೊಬ್ಬರು ಉಟ್ಟುಬಿಟ್ಟ ನೂಲಿನ ಬಟ್ಟೆ ಮಾತ್ರ ಮೈಲಿಗೆ. ನಾರಿನ ಹಗ್ಗವೇ ಕೈ ಹಿಡಿದು ನಿಲ್ಲಿಸ್ತಿತ್ತು. ಅದರ ಮೇಲೆ ಸೀರೆ ಸುತ್ತಿದ್ರೆ ಕೈ ಜಾರತ್ತೆ. ಹಿಡಿತಕ್ಕೆ ಸುತ್ತಿದ್ದಲ್ಲ ಅದು, ಹಿಡೀದೇ ಇರ್ಲಿ ಅಂತ ಸುತ್ತಿದ್ದು. ದುರ್ಗಾಂಬನೋರೇ, ಬಿದ್ದ ದಿನ ಕಂಬಿ ಯಾಕೆ ಹಿಡೀಲಿಲ್ಲ?"

ಅವರು ತಲೆ ತಗ್ಗಿಸಿದರು. "ಮಡಿ ಉಟ್ಟಿದ್ದೆ. ಹುಡುಗಿ ಪ್ರೀತಿಯಿಂದ ಸುತ್ತಿದಾಳೆ, ಬೇಡ ಅಂದ್ರೆ ನೊಂದ್ಕೋತಾಳೆ ಅಂತ ಯಾರ ಹತ್ರಾನೂ ಬಾಯಿ ಬಿಡ್ಲಿಲ್ಲ ತಾಯಿ."

"ಸುತ್ತಿದೋರಿಗೆ ಮಡಿ ಗೊತ್ತಿರಬೇಕು. ಹೆಂಡತಿ ಸೀರೆ ಕೈಗೆ ಸಿಗಬೇಕು. ಈ ಕೋಣೆ ಬೇಕಾಗಿರಬೇಕು. ಹೌದಲ್ವಾ ಫಣಿ? ಬೆಳಿಗ್ಗೆ ನೂಲಿಂದು ಬೇಡ, ಉಣ್ಣೇದು ಕೊಡು ಅಂದೋರು ನೀವೇ."

ಫಣಿ ತಡವರಿಸಿದ. "ಅಯ್ಯೋ, ಬೀಳ್ಲಿ ಅಂತಲ್ಲ ಅಂಡಿ... ಮೆಟ್ಟಿಲಿಗೆ ಹೆದರ್ಕೊಂಡು ತಾನಾಗೇ ರೂಮ್ ಬಿಡ್ಲಿ ಅಂತ, ಅಷ್ಟೇ. ಟೂರಿಸ್ಟ್‌ಗಳಿಗೆ ಕೊಟ್ರೆ..."

ಅಷ್ಟೇ ಅಂತೆ! ಕೊಳೆತ ಮೀನಿನ ಬುಟ್ಟಿಯ ಪಕ್ಕ ಕೂತವನ ಹಾಗೆ ನಾನು ಅವನಿಂದ ದೂರ ಸರಿದೆ. ಕಳ್ಳರನ್ನು ಕಂಡಿದ್ದೇನೆ, ಸುಳ್ಳರನ್ನು ಕಂಡಿದ್ದೇನೆ. ಹೆತ್ತವಳ ನೇಮವನ್ನೇ ಅವಳ ಕಾಲಿಗೆ ತೊಡರಿಸಿ, ತಪ್ಪನ್ನು ಹೆಂಡತಿಯ ಸೆರಗಿಗೆ ಕಟ್ಟಿದವನನ್ನು ಕಂಡಿರಲಿಲ್ಲ. ಅಂಥವನು ಬಡಿಸಿದ ಅನ್ನ ಒಳಗೆ ಹೋಗಿದೆಯಲ್ಲ ಎಂದು ಅಸಹ್ಯವಾಯಿತು.

"ಹಾರಿಕಾ," ಎಂದರು ದುರ್ಗಾಂಬ, "ಇವನ ಬಟ್ಟೆಬರೆ ಕಟ್ಟಿ ಹೊರಗಿಡು. ಮನೆ ಇನ್ನೂ ನನ್ನ ಹೆಸರಲ್ಲೇ ಇದೆ. ನಾನು ಎಲ್ಲಿಗೂ ಹೋಗಲ್ಲ."

"ಅಮ್ಮಾ!" ಫಣಿ ಕಾಲಿಗೆ ಬೀಳಲು ಬಗ್ಗಿದ.

ದುರ್ಗಾಂಬ ಪಾದಗಳನ್ನು ಹಿಂದಕ್ಕೆಳೆದುಕೊಂಡರು.

"ಈಗ ನಾನು ಮಡಿಯಲ್ಲಿಲ್ಲ. ಆದರೂ ಮುಟ್ಟಬೇಡ."