ಬಾದಾಮಿ ಬೀದಿಯ ಡೆಂಗಿ

ಏಪ್ರಿಲ್ ಹದಿನಾರರ ಬೆಳಗ್ಗೆ ಒಂಬತ್ತಕ್ಕೆ ಝುಲ್ಮೀರಾ ರೆಸೀಫೆ ನಗರದ ಕಾಲುವೆ ಠಾಣೆಯ ಮೆಟ್ಟಿಲು ಹತ್ತಿದಳು. ಬಸ್ ನಿಲ್ದಾಣದ ಬಳಿ ತಪಿಯೋಕಾ ರೊಟ್ಟಿ ಮಾರುವ ಮುದುಕಿ ಅವಳು. ಮೊಮ್ಮಗಳು ಜನಾಯಿನಾ ಐಸಿಯುನಲ್ಲಿದ್ದಳು. ಕಾಲುವೆ ಓಣಿಯಲ್ಲಿ ಮನೆಮನೆಗೂ ಡೆಂಗಿ, ಸೊಳ್ಳೆಗೆ ಹೊಗೆ ಹಾಕುವ ಗಾಡಿ ಮಾತ್ರ ಒಮ್ಮೆಯೂ ಬಂದಿಲ್ಲ, ಅದು ವಾರವಾರ ಹೋಗುವುದು ಜ್ವರವೇ ಇಲ್ಲದ ಬಾದಾಮಿ ಬೀದಿಗೆ ಎಂಬುದು ಅವಳ ದೂರು.

"ಯಾರನ್ನ ಅರೆಸ್ಟ್ ಮಾಡ್ಲಮ್ಮಾ? ಸೊಳ್ಳೇನಾ?" ಎಂದ ಕಾನ್‌ಸ್ಟೆಬಲ್ ಎಡ್ಮಿಲ್ಸನ್.

"ನಿನ್ ಮಗೂಗೆ ಬಂದಿದ್ರೆ ಹಿಂಗೆ ಹಲ್ಲು ಕಿರೀತಿದ್ಯಾ?"

ಇನ್‌ಸ್ಪೆಕ್ಟರ್ ನೊಯೇಮಿಯಾ ಎಫ್‌ಐಆರ್ ದಾಖಲಿಸಿದರು.

ಆರೋಗ್ಯ ಕಚೇರಿಯವರು ತಮ್ಮದೇನೂ ತಪ್ಪಿಲ್ಲ ಎಂದು ಕೈ ತೊಳೆದುಕೊಂಡರು. ಆಸ್ಪತ್ರೆಯಲ್ಲಿ ಪ್ರತಿ ಕಾಯಿಲೆಗೂ ಒಂದು ಸಂಕೇತವಿದೆ, ಎ-90 ಎಂದರೆ ಡೆಂಗಿ. ಆ ಸಂಕೇತ ಬಿದ್ದ ಬೀದಿಗೆ ಸೊಳ್ಳೆ ಇಲಾಖೆಯವರು ಹೋಗಿ, ಮನೆಮನೆಯ ನೀರು ನೋಡಿ, ಹೊಗೆ ಹಾಕುತ್ತಾರೆ. ಇರುವುದು ಒಂದೇ ತಂಡ. ಕಾಲುವೆ ಓಣಿಯವರಿಗೆ ವೈದ್ಯರು ಡೆಂಗಿ ಎಂದೇ ಬರೆದಿದ್ದರೂ ಕಂಪ್ಯೂಟರಿನಲ್ಲಿ ಬಿದ್ದಿದ್ದು ಕಾರಣ ತಿಳಿಯದ ವೈರಲ್ ಜ್ವರದ ಸಂಕೇತ.

ಬಾದಾಮಿ ಬೀದಿಯಲ್ಲಿ ನೊಯೇಮಿಯಾಗೆ ಜೆನೇಜಿಯೊ ಎಂಬ ಬಸ್ ಕಂಡಕ್ಟರ್ ಸಿಕ್ಕಿದ.

"ನಂಗೆ ಬಂದಿದ್ದು ನೆಗಡಿ ಮೇಡಂ. ಆಸ್ಪತ್ರೆ ಕೊಟ್ಟ ರಜೆ ಚೀಟೀಲಿ ಎ-90 ಅಂತಿತ್ತು. ಮಾಲೀಕ ತುಟಿ ಪಿಟಕ್ಕೆನ್ನದೆ ವಾರ ರಜ ಕೊಟ್ಟ. ಬೇಡ ಅನ್ನೋಕೆ ನಂಗೇನು ಹುಚ್ಚಾ?"

ನೆಗಡಿಗಾದರೆ ಒಂದೇ ದಿನದ ರಜೆ. ಹಾಗಾಗಿ ಬೀದಿಯಲ್ಲಿ ಯಾರೂ ಬಾಯಿ ಬಿಟ್ಟಿರಲಿಲ್ಲ. ಎರಡೂ ಕಡೆಯ ಸಂಕೇತ ಹಾಕಿದವಳು ಒಬ್ಬಳೇ, ಆಸ್ಪತ್ರೆಯ ದಾಖಲೆ ವಿಭಾಗದ ಎವುಲಾಲಿಯಾ. ಅವಳ ಮನೆ ಅದೇ ಬೀದಿಯ ಕೊನೆಗಿತ್ತು. ಅಂದು ಅವಳ ವಾರದ ರಜಾದಿನ.

ಬಾಗಿಲು ತಟ್ಟುವ ಮೊದಲೇ ತೆರೆಯಿತು. ಇಸ್ತ್ರಿ ಮಾಡಿದ ಉಡುಪು ತೊಟ್ಟ, ಅರವತ್ತರ ಆಸುಪಾಸಿನ ಹೆಂಗಸು.

"ಇವತ್ತು ಹೊಸಬ್ರಾ? ಬನ್ನಿ ಮಗಳೇ. ನೀರಿನ ಡ್ರಮ್ಮು ಹಿತ್ತಲಲ್ಲಿದೆ, ಆಮೇಲೆ ನೋಡೀರಂತೆ. ಮೊದ್ಲು ಕಾಫಿ ಕುಡೀರಿ."

ಮೇಜಿನ ಮೇಲೆ ಬಿಸಿ ಜೋಳದ ಕೇಕು, ತೊಳೆದಿಟ್ಟ ಬಟ್ಟಲುಗಳು. ನೊಯೇಮಿಯಾ ಕೂರಲಿಲ್ಲ. ತಾವು ಸೊಳ್ಳೆ ಇಲಾಖೆಯವರಲ್ಲ, ಪೊಲೀಸರು ಎಂದರು.

"ಸಂಕೇತ ಬದಲಾಯಿಸಿದ್ದು ನೀವೇನಾ?"

"ನಾನೇ."

"ದುಡ್ಡು ಯಾರು ಕೊಟ್ರು?"

"ಅಯ್ಯೋ, ಯಾರೂ ಇಲ್ಲ. ನಮ್ಮೋರು ತೀರ್ಕೊಂಡ ಮೇಲೆ ಈ ಬಾಗಿಲಿಗೆ ನರಪಿಳ್ಳೆ ಬಂದಿಲ್ಲ. ಎದುರುಮನೆಗೆ ನಿಜವಾಗ್ಲೂ ಡೆಂಗಿ ಬಂದಾಗ ಸೊಳ್ಳೆ ಇಲಾಖೆ ಹುಡುಗೀರು ಬಂದಿದ್ರು. ಹಿತ್ತಲೆಲ್ಲ ನೋಡಿ, ಹೆಂಗಿದೀರಿ ಅಂತ ಕೇಳಿ, ಕೂತು ಕಾಫಿ ಕುಡಿದ್ರು. ಮತ್ತೆ ಬರ್ಲಿ ಅಂತ..."

"ಕಾಲುವೆ ಓಣೀದು ಯಾಕೆ ಬದಲಾಯಿಸಿದ್ರಿ?"

"ಅಲ್ಲಿಗೆ ಹೋದ್ರೆ ಇಲ್ಲಿಗೆ ಬರಲ್ವಲ್ಲ."

ಕಾಲುವೆ ಓಣಿಯ ಜನಾಯಿನಾಗೆ ಆರು ವರ್ಷ, ಮೂಗಿನಿಂದ ರಕ್ತ ನಿಂತಿಲ್ಲ ಎಂದು ನೊಯೇಮಿಯಾ ಮುಖಕ್ಕೆ ಹೊಡೆದಂತೆ ಹೇಳಿದರು. ಆಸ್ಪತ್ರೆಯಲ್ಲಿ ಎವುಲಾಲಿಯಾ ಕಂಡಿದ್ದು ಸಂಕೇತಗಳನ್ನು ಮಾತ್ರ, ಒಬ್ಬ ರೋಗಿಯನ್ನೂ ಅಲ್ಲ.

ಪಂಚನಾಮೆ ಮುಗಿಸಿ ಹನ್ನೆರಡೂವರೆಗೆ ಅವಳನ್ನು ಬಂಧಿಸಿದರು. ಸೊಳ್ಳೆ ಇಲಾಖೆಯ ತಂಡವನ್ನು ಫೋನಿನಲ್ಲೇ ಕಾಲುವೆ ಓಣಿಗೆ ತಿರುಗಿಸಿದರು. ಜೀಪು ಸೇತುವೆ ದಾಟುವಾಗ ಆಸ್ಪತ್ರೆಯಿಂದ ಕರೆ ಬಂತು. ಮಗುವಿನ ರಕ್ತಸ್ರಾವ ನಿಂತಿತ್ತು, ಪ್ರಾಣಾಪಾಯವಿಲ್ಲ. ಎವುಲಾಲಿಯಾ ಶಿಲುಬೆಯ ಗುರುತು ಮಾಡಿಕೊಂಡು ಬಿಕ್ಕಿಬಿಕ್ಕಿ ಅತ್ತಳು. ಬಹಳ ಹೊತ್ತಿನ ಮೇಲೆ ಕಣ್ಣೊರೆಸಿಕೊಂಡು ಮೆಲ್ಲಗೆ ಕೇಳಿದಳು.

"ವಿಚಾರಣೆಗೆ ದಿನಾ ನೀವೇ ಬರ್ತೀರಾ, ಮಗಳೇ?"

ಸಂಜೆ ವರದಿಯಲ್ಲಿ ಅಪರಾಧದ ಉದ್ದೇಶ ಎಂಬಲ್ಲಿ ನೊಯೇಮಿಯಾ 'ಯಾರಾದರೂ ಬರಲೆಂದು' ಎಂದಷ್ಟೇ ಬರೆದರು.