ಅರ್ಧ ಲೋಟ ಚಾ

ಸಬ್‌ಇನ್‌ಸ್ಪೆಕ್ಟರ್ ಭೋಜರಾಜ ಅಂಗಿ ಬಿಚ್ಚಿ, ಇಂಜೆಕ್ಷನ್ನಿಗೆಂದು ಆಸ್ಪತ್ರೆಯ ಮಂಚದ ಮೇಲೆ ಸಿಗಡಿಯ ಹಾಗೆ ಮುದುಡಿ ಮಲಗಿದ್ದಾಗಲೇ ಕಳವು ಬೆಳಕಿಗೆ ಬಂತು.

"ಸ್ಟಿರಾಯ್ಡ್ ಕುಪ್ಪಿ ಮೂರೂ ಕಾಣ್ತಿಲ್ಲೆ," ಎಂದರು ಬೀರುವಿನ ಮುಂದೆ ನಿಂತಿದ್ದ ಡಾಕ್ಟರ್ ಲೀಲಾಧರ.

1969ನೇ ಇಸವಿ. ಕುಂದಾಪುರದಲ್ಲಿ ಬೆನ್ನುಮೂಳೆಯ ಸಂದಿಗೆ ಇಂಜೆಕ್ಷನ್ ಹಾಕುತ್ತಿದ್ದವರು ಅವರೊಬ್ಬರೇ. ಮದ್ದು ಬೊಂಬಾಯಿಯಿಂದ ಬರಬೇಕು. ಎರಡು ವರ್ಷದ ಸೊಂಟನೋವು ಇವತ್ತಿಗೆ ತೀರಿತು ಎಂದುಕೊಂಡಿದ್ದ ಭೋಜರಾಜನಿಗೆ ಪಿತ್ತ ನೆತ್ತಿಗೇರಿತು.

ಆ ಬೀರುವಿನ ಹತ್ತಿರ ಹೋಗುವವರು ಇಬ್ಬರೇ. ಡಾಕ್ಟರು, ಮತ್ತೆ ಕಸ ಗುಡಿಸುವ ವನಜ. ಅವಳ ಗಂಡನಿಗೂ ದೋಣಿ ಎಳೆದು ಎಳೆದು ಸೊಂಟ ಹೋಗಿತ್ತು. ಪೊಲೀಸ್ ತಲೆಗೆ ಇನ್ನೇನು ಬೇಕು?

ಜಗಲಿಯಲ್ಲಿ ಕಾದಿದ್ದ ರೋಗಿಗಳೆದುರೇ ಅವಳ ಬುಟ್ಟಿ ಕವುಚಿ ಹಾಕಿದ. ಗಂಜಿ ಚೆಲ್ಲಿತು. ಒಂದು ಒಣಮೀನು ಹೊರಗೆ ಬಿತ್ತು. ಯಾರೋ ಮೂಗು ಮುಚ್ಚಿಕೊಂಡು ನಕ್ಕರು. ಡಾಕ್ಟರು ನೆಲ ನೋಡುತ್ತ ನಿಂತಿದ್ದರು.

"ಎಲ್ಲಿಟ್ಟಿದ್ದೆ?"

"ನಂಗ್ ಓದುಕ್ ಬತ್ತಿಲ್ಲೆ ಅಯ್ಯಾ. ಅಷ್ಟ್ ಕುಪ್ಪಿ ಒಳ್ಗೆ ಅದೇ ಮೂರ್ ಹ್ಯಾಂಗ್ ಗುರ್ತ ಹಿಡೂದ್?"

* * *

ಅವಳ ಮಾತು ಸರಿಯಿತ್ತು. ಬೀರುವಿನ ಬೀಗ ಮುರಿದಿರಲಿಲ್ಲ. ಬೀಗದಕೈ ಡಾಕ್ಟರ ಸೊಂಟದಲ್ಲೇ ಇತ್ತು. ಆದರೆ ಸ್ವಂತ ಮದ್ದನ್ನು ಯಾರಾದರೂ ಕದಿಯುತ್ತಾರೆಯೇ?

ವನಜ ಕಣ್ಣೊರೆಸಿಕೊಂಡು ಎಂದಿನಂತೆ ಒಳಗೆ ಇಬ್ಬರಿಗೂ ಚಾ ತಂದಿಟ್ಟು ಹೋದಳು. ಭೋಜರಾಜನಿಗೆ ತುಂಬಿದ ಲೋಟ. ಡಾಕ್ಟರಿಗೆ ಅರ್ಧ.

ಭೋಜರಾಜ ಆ ಅರ್ಧ ಲೋಟವನ್ನೇ ನೋಡಿದ.

"ಡಾಕ್ಟ್ರೇ, ದೂರು ಬರ್ದ್ ಕೊಡಿ."

"ನೀವೇ ಬರ್ಕಣಿ."

"ಸೈನ್ ಆದ್ರೂ ಹಾಕಿ."

ಪೆನ್ನು ಕಾಗದ ಮುಟ್ಟುವ ಮೊದಲೇ ಅವರ ಕೈ ನಡುಗಿತು. ಭೋಜರಾಜ ಎದ್ದು ಬಾಗಿಲು ಮುಚ್ಚಿದ.

"ತುಂಬಿದ್ರೆ ಚೆಲ್ಲತ್ತ್ ಅಂದೇಳಿ ಅವ್ಳ್ ಅರ್ಧ ಹೊಯ್ದದ್ದ್. ಬೀಗದಕೈ ನಿಮ್ಮತ್ರ. ಲೇಬಲ್ ಓದುವರೂ ನೀವೇ. ಕುಪ್ಪಿ ತೆಗ್ದಿಡಿ."

ಲೀಲಾಧರರು ತಮ್ಮ ಚೀಲದಿಂದ ಮೂರೂ ಕುಪ್ಪಿ ತೆಗೆದು ಮೇಜಿನ ಮೇಲಿಟ್ಟರು.

"ಆರ್ ತಿಂಗ್ಳಾಯ್ತ್ ಕೈ ಹೀಂಗಾಯಿ. ಸೂಜಿ ಒಂಚೂರ್ ಆಚೆ ಹೋದ್ರೆ ನಿಮ್ಮ ಕಾಲೇ ಹೋತಿತ್ತ್. ನನ್ ಕೈಯಲ್ ಆತಿಲ್ಲೆ ಅಂಬುಕೆ ನಾಚ್ಕಿ ಆಯ್ತ್."

"ನಾನ್ ಅವ್ಳ ಬುಟ್ಟಿ ಕವುಚುವ ಹೊತ್ತಿಗೆ?"

"ಆಗ ಇನ್ನೂ ನಾಚ್ಕಿ ಆಯ್ತ್."

* * *

ಡಾಕ್ಟರು ಜಗಲಿಗೆ ಬಂದು ಎಲ್ಲರೆದುರು ಅದನ್ನೇ ಹೇಳಿದರು. ಈ ಸಲ ಯಾರೂ ನಗಲಿಲ್ಲ.

ಒಣಮೀನು ಇನ್ನೂ ಬಿದ್ದಲ್ಲೇ ಇತ್ತು. ಎತ್ತಿಕೊಡಲು ಬಗ್ಗಿದ ಭೋಜರಾಜನಿಗೆ ಅರ್ಧದಲ್ಲೇ ಸೊಂಟ ಹಿಡಿಯಿತು. ವನಜಳೇ ಎತ್ತಿಕೊಂಡಳು. ಅವನಿಗೆ ನಾಚಿಕೆಯಿಂದ ಅವಳ ಮುಖ ನೋಡಲಾಗಲಿಲ್ಲ.

"ಅವ್ರ ಕೈ ನಡುಗುದ್ ನಿಂಗ್ ಗೊತ್ತಿತ್ತಲ್ದಾ?"

"ಚೆಲ್ಲಿದ್ ಚಾ ಒರ್ಸುದ್ ನಾನೇ ಅಲ್ದಾ ಅಯ್ಯಾ."

"ಮತ್ತೆ ಆಗ್ಳೇ ಎಂತಕ್ಕೆ ಹೇಳ್ಲಿಲ್ಲೆ?"

"ಅಷ್ಟ್ ಜನ್ರ ಎದ್ರಿಗೆ ಹ್ಯಾಂಗ್ ಹೇಳುದ್? ಅವ್ರಿಗೆ ನಾಚ್ಕಿ ಆತಿಲ್ಯಾ?"